ಅಳತೆಯಮ್ಮನ ಮೊದಲ ಎಸೆತ

ನನ್ನ ಹೆಂಡತಿಯ ಬಗ್ಗೆ ಬರೆಯುತ್ತಿದ್ದೇನೆಂದು ಅವಳಿಗೆ ಗೊತ್ತಾದರೆ ಬೈಯುತ್ತಾಳೆ. ಬೈಯಲಿ ಬಿಡಿ. ನಾನು ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಊರಿಗೆ ಊರೇ ಬೈದದ್ದನ್ನು ಕೇಳಿಸಿಕೊಂಡು ಬಂದವನಿಗೆ ಮನೆಯವಳ ಬೈಗುಳ ಯಾವ ಲೆಕ್ಕ? ಅವಳ ಬಗ್ಗೆ ನಾಲ್ಕು ಮಾತು ಬರೆಯಬೇಕಾದವರು ಬರೆಯಲಿಲ್ಲ, ಅದಕ್ಕೆ ನಾನೇ ಕೂತಿದ್ದೇನೆ. ನನ್ನ ಹೆಂಡತಿ ಅಂತ ಒಂದಿಷ್ಟು ಜಂಬ ಸೇರಿಕೊಂಡಿರುತ್ತದೆ, ಓದುವವರು ಹೊಂದಿಕೊಳ್ಳಬೇಕು.

ಅವಳು ನಮ್ಮ ನದಿಗೂ ಅದರ ತಲೆಯಲ್ಲಿರುವ ಸರೋವರಕ್ಕೂ ಗಾರ್ಡ್ ಆಗಿದ್ದಳು. ಇಲ್ಲಿ ಹೊಟ್ಟೆಪಾಡಿಗೆ ಬಲೆ ಬೀಸುವವರಿಲ್ಲ, ಗಾಳ ಹಾಕುವವರೆಲ್ಲ ಶೋಕಿಗೆ ಹಾಕುವವರು. ಚಳಿಗಾಲವಿಡೀ ನದಿಗೆ ಗಾಳ ಬಿಡುವಂತಿಲ್ಲ. ಚಳಿ ಹಿಂದೆ ಸರಿದು ಮರಗಳು ಚಿಗುರೊಡೆಯುವ ಹೊತ್ತಿಗೆ, ಒಂದು ಭಾನುವಾರ ಬೆಳಿಗ್ಗೆ ಸೀಸನ್ ಶುರುವಾಗುತ್ತದೆ. ಶುರುವಾಯಿತು ಅಂತ ಮನಸ್ಸಿಗೆ ಬಂದಂತೆ ಹಿಡಿಯುವ ಹಾಗಿಲ್ಲ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರಬೇಕು, ಇಲ್ಲದಿದ್ದರೆ ಬಿಡಿಸುವಾಗ ಮೀನಿನ ಬಾಯಿ ಹರಿಯುತ್ತದೆ. ನದಿಯಲ್ಲಿ ಎರೆಹುಳ ಕೂಡದು, ಗರಿ ಸುತ್ತಿದ ಸುಳ್ಳು ನೊಣ ಮಾತ್ರ. ಚಿಕ್ಕ ಮೀನನ್ನು ವಾಪಸು ಬಿಡಬೇಕು. ತೀರಾ ದೊಡ್ಡದನ್ನೂ ಬಿಡಬೇಕು, ಅದು ಮೊಟ್ಟೆಯಿಡುವ ತಾಯಿ. ಬಿಡುವಾಗ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಇದನ್ನೆಲ್ಲ ನನ್ನ ಹೆಂಡತಿ ಒಂದು ಅಳತೆಯ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ದಂಡೆಯುದ್ದಕ್ಕೂ ನಡೆದು ನೋಡಿಕೊಳ್ಳುತ್ತಿದ್ದಳು. ಅದಕ್ಕೇ ಜನ ಅವಳಿಗೆ ಅಳತೆಯಮ್ಮ ಅಂತ ಹೆಸರಿಟ್ಟರು. ಎದುರಿಗೆ ಮೇಡಂ, ಬೆನ್ನ ಹಿಂದೆ ಅಳತೆಯಮ್ಮ.

ಸೀಸನ್ ಹತ್ತಿರ ಬಂದರೆ ನಮ್ಮ ಮನೆಯ ಫೋನಿಗೆ ಬಿಡುವಿರುತ್ತಿರಲಿಲ್ಲ. ನನಗೆ ಮಧ್ಯಾಹ್ನದ ಪಾಳಿ ಇದ್ದರೆ ಬೆಳಿಗ್ಗೆ ಒಂದು ಕಣ್ಣು ನಿದ್ದೆ ಮಾಡೋಣ ಅಂದರೆ ಟ್ರಿಣ್ ಟ್ರಿಣ್. "ಸಾರ್, ನೀರು ಹೇಗಿದೆ ಸಾರ್?" ಅಂತ ಯಾರೋ ಪುಣ್ಯಾತ್ಮ. ಮೊದಮೊದಲು ಅವಳು ಹೇಳಿಟ್ಟದ್ದನ್ನು ಹೇಳುತ್ತಿದ್ದೆ: ನೀರು ಇನ್ನೂ ಕೆಂಪಗಿದೆ, ಸೇತುವೆ ಹತ್ತಿರ ಸೆಳೆತ ಜಾಸ್ತಿ, ಸರೋವರದ ದಂಡೆ ಕಡೆ ಪರವಾಗಿಲ್ಲ. ಆಮೇಲಾಮೇಲೆ ತಲೆ ಕೆಟ್ಟು, "ನಲ್ಲೀಲಿ ಚೆನ್ನಾಗೇ ಬರ್ತಿದೆ ಕಣಯ್ಯಾ, ಬಂದು ಹಿಡ್ಕೊಂಡು ಹೋಗು" ಅಂತ ಫೋನ್ ಕುಕ್ಕುತ್ತಿದ್ದೆ. ಅವಳು ಸಂಜೆ ಬಂದು, "ರೀ, ಯಾರಿಗೆ ಏನಂದ್ರಿ? ದಂಡೇಲೆಲ್ಲ ನಗ್ತಿದ್ರು" ಅನ್ನುವಳು. ಮುಖ ಮಾತ್ರ ಗಂಟು, ಕಣ್ಣಲ್ಲಿ ನಗು.

ಅವಳು ಎಂಥ ಕಟ್ಟುನಿಟ್ಟಿನವಳು ಅಂತ ಹೇಳಲು ಅವಳ ತಮ್ಮನ ಕಥೆಯೊಂದೇ ಸಾಕು. ನನ್ನ ಬಾವಮೈದನಿಗೆ ಸೇತುವೆಯ ಪಕ್ಕದಲ್ಲೇ ಗಾಳದ ಸಾಮಾನಿನ ಅಂಗಡಿ. ಒಳ್ಳೆಯ ಕೈ ಅವನದು, ಇಲ್ಲ ಅನ್ನುವುದಿಲ್ಲ. ಅದರ ಹತ್ತರಷ್ಟು ಬಾಯಿ. ಒಂದು ವಸಂತದಲ್ಲಿ ಅವನು ಹಿಡಿದು ಬಿಡದೆ ಇಟ್ಟುಕೊಂಡಿದ್ದ ಮೀನು ಹಲಗೆಯ ಗೆರೆಗೆ ಒಂದು ಬೆರಳಿನಷ್ಟು ಕಮ್ಮಿ ಬಿತ್ತು. "ಅಕ್ಕಾ, ಬಾಲ ಸ್ವಲ್ಪ ಎಳೆದು ನೋಡೇ" ಅಂದ. ಅವಳು ಬಾಲ ಎಳೆಯಲಿಲ್ಲ. ಮೀನನ್ನು ನೀರಿಗೆ ಬಿಟ್ಟಳು, ಗಿರಾಕಿಗಳ ಎದುರಿಗೇ ಅವನಿಗೆ ದಂಡದ ಚೀಟಿ ಹರಿದು ಕೊಟ್ಟಳು, ಕೊಟ್ಟು, "ರಾತ್ರಿ ಊಟಕ್ಕೆ ಬಾ, ನಿನಗಿಷ್ಟದ ಪಲ್ಯ ಮಾಡ್ತೀನಿ" ಅಂದಳು. ಅವನು ಬರಲಿಲ್ಲ. ಆ ವರ್ಷವಿಡೀ ಬರಲಿಲ್ಲ. ಆಮೇಲೆ ಬಂದ, ತಿಂದ, ಆದರೆ ಒಂದು ಮಾತನ್ನು ಊರಿಗೆಲ್ಲ ಹಂಚಿಬಿಟ್ಟಿದ್ದ: "ನಮ್ಮಕ್ಕನಿಗೆ ಮೀನು ಅಳೆಯೋಕೆ ಬರುತ್ತೆ, ಹಿಡಿಯೋಕೆ ಬರಲ್ಲ."

ಆ ಮಾತಿಗೆ ನನಗೆ ಮೈ ಉರಿಯುತ್ತಿತ್ತು. ಯಾಕೆಂದರೆ ಅದು ಸುಳ್ಳು, ಮತ್ತು ಸುಳ್ಳು ಅಂತ ತೋರಿಸಿಕೊಡುವ ದಾರಿ ಅವಳಿಗೆ ಇರಲಿಲ್ಲ. ಕೆಲಸಕ್ಕೆ ಸೇರುವ ಮೊದಲು, ಇನ್ನೂ ಹುಡುಗಿಯಾಗಿದ್ದಾಗ, ಅವಳು ಅಪ್ಪನ ದೋಣಿಯಲ್ಲಿ ಸರೋವರಕ್ಕೆ ಹೋಗಿ ಎಂಥೆಂಥ ಮೀನು ಎತ್ತಿದ್ದಾಳೆ ಅಂತ ನನಗೆ ಗೊತ್ತು. ಮದುವೆಗೆ ಮುಂಚೆ ಅವಳನ್ನು ನೋಡಲು ಹೋದವನು ನಾನು ದೋಣಿಯಲ್ಲಿ ವಾಂತಿ ಮಾಡಿಕೊಂಡಿದ್ದೆ, ಅವಳು ಒಂದು ಕೈಯಲ್ಲಿ ನನ್ನ ಕಾಲರ್ ಹಿಡಿದು ಇನ್ನೊಂದು ಕೈಯಲ್ಲಿ ಮೀನು ಎಳೆದಿದ್ದಳು. ಆದರೆ ಗಾರ್ಡ್ ಆದವರು ತಾವು ಕಾಯುವ ನೀರಿಗೆ ಗಾಳ ಹಾಕುವಂತಿಲ್ಲ. ಅದೂ ಒಂದು ಕಾನೂನು. ಹೀಗಾಗಿ ತಲೆ ನರೆಯುವವರೆಗೆ ಅವಳು ಆ ನದಿಯ ದಂಡೆಯಲ್ಲಿ ನಡೆದಳು, ಎಲ್ಲಿ ಯಾವ ಕಲ್ಲಿನ ಹಿಂದೆ ಮೀನು ನಿಲ್ಲುತ್ತದೆ ಅಂತ ದಿನಾ ನೋಡಿದಳು, ಒಂದು ಸಲವೂ ದಾರ ಬೀಸಲಿಲ್ಲ. ಕಲ್ಯಾಣಮಂಟಪದಲ್ಲಿ ಬಡಿಸುವವರಿಗೆ ಊಟ ಇಲ್ಲ ಅಂದ ಹಾಗಾಯಿತು.

ಹೋದ ವರ್ಷ ನಿವೃತ್ತಳಾದಳು. ಅವಳ ಜಾಗಕ್ಕೆ ಒಬ್ಬಳು ಚಿಕ್ಕ ವಯಸ್ಸಿನವಳು ಬಂದಳು. ಚುರುಕು, ಆದರೆ ಎದೆಗಾರಿಕೆ ಇನ್ನೂ ಕುದುರಬೇಕು. ನನ್ನ ಹೆಂಡತಿ ಆ ಚಳಿಗಾಲವೆಲ್ಲ ಊಟದ ಮೇಜಿನ ಮೇಲೆ ಗರಿ, ರೇಷ್ಮೆ ದಾರ, ಕೊಕ್ಕೆ ಹರಡಿಕೊಂಡು ಸುಳ್ಳು ನೊಣ ಕಟ್ಟಿದಳು. ನನ್ನ ತಟ್ಟೆ ಇಡಲು ಜಾಗವಿಲ್ಲ. ಅನ್ನದಲ್ಲಿ ಒಮ್ಮೆ ಗರಿ ಸಿಕ್ಕಿತು. "ಏನೇ ಇದು, ನನಗೂ ಗಾಳ ಹಾಕ್ತಿದ್ದೀಯಾ?" ಅಂದೆ. "ನಿಮಗೆ ಯಾವಾಗಲೋ ಹಾಕಿ ಆಯ್ತಲ್ಲ" ಅಂದಳು.

ಅಷ್ಟರಲ್ಲಿ ಗಾಳದ ಕ್ಲಬ್ಬಿನ ಅಧ್ಯಕ್ಷರು ಮನೆಗೆ ಬಂದರು. ಅವರು ಹಲ್ಲಿನ ಡಾಕ್ಟರು. ಊರಿನ ಅರ್ಧ ಜನರ ಬಾಯಿ ನೋಡಿದವರು, ನನ್ನದೂ ಸೇರಿ. ಸೀಸನ್ನಿನ ಮೊದಲ ಎಸೆತವನ್ನು ಯಾರಾದರೊಬ್ಬ ಗಣ್ಯರಿಂದ ಮಾಡಿಸುವುದು ಕ್ಲಬ್ಬಿನ ಪದ್ಧತಿ. ಆ ಒಂದು ದಾರ ಬೀಳುವ ತನಕ ಬೇರೆ ಯಾರೂ ಬೀಸುವುದಿಲ್ಲ. "ಈ ಸಲ ನೀವೇ ಮಾಡಬೇಕು ಮೇಡಂ" ಅಂದರು. ಅವಳು ಬಾಗಿಲ ಹತ್ತಿರ ನಿಂತೇ ಇದ್ದಳು. ಆಗಲಿ ಅಂತ ತಲೆಯಾಡಿಸಿದಳು.

ಇಲ್ಲೊಂದು ವಿಷಯ ಹೇಳಬೇಕು. ಅವಳ ಬಲ ಭುಜ ಸವೆದುಹೋಗಿತ್ತು. ಸೀಸನ್ ಶುರುವಾಗುವ ಆ ಭಾನುವಾರ ಆದ ಮರುವಾರವೇ ಆಪರೇಷನ್ ನಿಗದಿಯಾಗಿತ್ತು. ನೋವು ಹೋಗುತ್ತೆ, ಆದರೆ ಕೈ ಭುಜದಿಂದ ಮೇಲಕ್ಕೆ ಏಳುತ್ತೆ ಅಂತ ಮಾತು ಕೊಡಲಾರೆ ಅಂದಿದ್ದರು ಮೂಳೆ ಡಾಕ್ಟರು. ಗಾಳದ ಕೋಲು ಬೀಸಲು ಕೈ ಮೇಲೇಳಲೇಬೇಕು. ಅಂದರೆ ಅವಳ ನದಿಯಲ್ಲಿ ಅವಳ ಪಾಲಿಗೆ ಇದ್ದದ್ದು ಆ ಒಂದು ಬೆಳಿಗ್ಗೆ. ಇದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವಳು ದೊಡ್ಡ ಮಾತೇನೂ ಆಡಲಿಲ್ಲ. "ಒಂದು ಮೀನು ಸಾಕು ರೀ. ನದಿ ತಿರುವಿನ ಮಡುವಲ್ಲಿ ಒಂದು. ಅಳೆದು ಬಿಟ್ಟುಬಿಡ್ತೀನಿ" ಅಂದಳು, ಅಷ್ಟೇ. ನಾನು ದೇವರಿಗೆ ಕೈ ಮುಗಿಯುವವನಲ್ಲ, ಆ ವಾರ ಮುಗಿದೆ.

ಭಾನುವಾರ ಬೆಳಿಗ್ಗೆ ತಿರುವಿನ ದಂಡೆಯಲ್ಲಿ ಜನವೋ ಜನ. ಗಂಬೂಟು ಹಾಕಿದವರು, ಫ್ಲಾಸ್ಕ್ ಹಿಡಿದವರು, ಮಡಿಸುವ ಕುರ್ಚಿ ತಂದವರು. ಆ ವರ್ಷ ಚಳಿ ಹೊರಡಲೇ ಮನಸ್ಸು ಮಾಡಿರಲಿಲ್ಲ. ಬಿಸಿಲಿದ್ದರೂ ಬೆರಳು ಸೆಟೆಯುತ್ತಿತ್ತು. ನೀರು ಎರಡು ವಾರದಿಂದ ಕದಡಿದ್ದು ಹಿಂದಿನ ದಿನವಷ್ಟೇ ತಿಳಿಯಾಗಿತ್ತು. ಹೊಸ ಗಾರ್ಡ್ ಹುಡುಗಿ ಎಲ್ಲರ ಲೈಸೆನ್ಸು, ಕೊಕ್ಕೆ ನೋಡುತ್ತ ಓಡಾಡುತ್ತಿದ್ದಳು. ಬಾವಮೈದ ಮುಂದಿನ ಸಾಲಿನಲ್ಲೇ ಕೈ ಕಟ್ಟಿ ನಿಂತಿದ್ದ. "ಬಾವ, ಅಕ್ಕ ಕೋಲನ್ನ ಸರಿಯಾದ ತುದೀಲಿ ಹಿಡ್ಕೊಂಡಿದ್ದಾಳೆ ತಾನೇ?" ಅಂದ. ಪಕ್ಕದಲ್ಲಿದ್ದವರು ಹಲ್ಲು ಕಿರಿದರು. "ನಿನ್ನ ನಾಲಿಗೆಗೊಂದು ಕೊಕ್ಕೆ ಹಾಕ್ತೀನಿ ತಡಿ" ಅಂದೆ.

ಅಧ್ಯಕ್ಷರು ಎರಡು ಮಾತು ಅಂತ ಶುರುಮಾಡಿ ಇಪ್ಪತ್ತು ಮಾತಾಡಿದರು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಕೋಲು ಹಿಡಿದು ನೀರಿಗಿಳಿದಳು. ಆ ತಿರುವಿನಲ್ಲಿ ಮೊದಲು ಮೊಣಕಾಲುದ್ದದ ನೀರು, ತಳದಲ್ಲಿ ಸಣ್ಣ ಗುಂಡುಕಲ್ಲು. ಅದನ್ನು ದಾಟಿ ಹತ್ತು ಹೆಜ್ಜೆ ಹೋದರೆ ಆಚೆ ದಂಡೆಯ ಬಂಡೆಯ ಬುಡದಲ್ಲಿ ಮಡು. ಅವಳು ಮೂರ್ನಾಲ್ಕು ಹೆಜ್ಜೆ ಹಾಕಿದಳು. ನಿಂತಳು. ಒಂದು ಕಾಲು ಎತ್ತಿದ್ದು ಎತ್ತಿದ ಹಾಗೇ ಇತ್ತು.

ನಾವು ಕಾದೆವು. ಅವಳು ಕೋಲು ಎತ್ತಲಿಲ್ಲ. ತಲೆ ಬಗ್ಗಿಸಿಕೊಂಡು ಕಾಲ ಬುಡ ನೋಡುತ್ತ ನಿಂತುಬಿಟ್ಟಳು. ಹಿಂದಿನಿಂದ ಯಾರೋ ಕೆಮ್ಮಿದರು. "ಅಳತೆ ಹಲಗೆ ಮನೇಲಿ ಬಿಟ್ಟು ಬಂದ್ರಾ ಮೇಡಂ?" ಅಂತ ಒಬ್ಬ ಕೂಗಿದ. ನಗು ಎದ್ದಿತು. ಭುಜ ಹಿಡಿದುಕೊಂಡಿತು, ಕೈ ಏಳುತ್ತಿಲ್ಲ, ಊರಿನೆದುರು ಅವಮಾನ ಆಗುತ್ತಿದೆ ಅಂದುಕೊಂಡೆ. ಚಪ್ಪಲಿ ಸಮೇತ ನೀರಿಗೆ ನುಗ್ಗಿದೆ.

"ಅಲ್ಲೇ ನಿಲ್ಲಿ!" ಅಂದಳು. ನನ್ನ ಬಸ್ಸಿನ ಹಾರ್ನ್ ಕೂಡ ಹಾಗೆ ಕೂಗಿರಲಿಕ್ಕಿಲ್ಲ. "ಕಾಲಿಡಬೇಡಿ ರೀ! ಬಂದ ಹಾಗೇ ಹಿಂದಕ್ಕೆ ಹೋಗಿ!"

ಹಿಂದಕ್ಕೆ ಬಂದೆ. ಆಗ ದಂಡೆಯಿಂದಲೇ ಬಗ್ಗಿ ನೋಡಿದೆ, ಎಲ್ಲರೂ ನೋಡಿದರು. ಪಾಚಿ ಹಿಡಿದ ಕಂದು ಕಲ್ಲುಗಳ ನಡುವೆ ಅಲ್ಲಲ್ಲಿ ತೊಳೆದಿಟ್ಟ ಹಾಗೆ ಬೆಳ್ಳಗಿನ ತಗ್ಗುಗಳು. ನಮ್ಮ ನದಿಯ ಚುಕ್ಕೆಮೀನು ಮೊಟ್ಟೆಯಿಡುವ ಮೊದಲು ಬಾಲದಿಂದ ಕಲ್ಲು ಗುಡಿಸಿ ಗೂಡು ಮಾಡುತ್ತದೆ, ಮೊಟ್ಟೆಯನ್ನು ಕಲ್ಲಿನಡಿ ಮುಚ್ಚುತ್ತದೆ. ಸಾಮಾನ್ಯವಾಗಿ ಸೀಸನ್ ತೆರೆಯುವಷ್ಟರಲ್ಲಿ ಮರಿಗಳು ಕಲ್ಲಿನಡಿಯಿಂದ ಎದ್ದು ಹೋಗಿರುತ್ತವೆ. ಆ ವರ್ಷ ಚಳಿಗೆ ಮೀನುಗಳು ತಡಮಾಡಿದ್ದವು. ಒಂದು ಗೂಡಿನ ಮೇಲೆ ತಾಯಿ ಇನ್ನೂ ನಿಂತಿತ್ತು, ನನ್ನ ಹೆಂಡತಿಯ ಗಂಬೂಟಿನಿಂದ ಒಂದು ಮೊಳ ದೂರದಲ್ಲಿ. ಅವಳು ಆ ಕಾಲು ಊರಿದ್ದರೆ ಅವಳ ಹಿಂದೆ ಊರೆಲ್ಲ ಇಳಿದು ಎಲ್ಲವನ್ನೂ ತುಳಿದು ಹಾಕುತ್ತಿತ್ತು.

ಅವಳು ತಿರುಗದೆ, ಇಟ್ಟ ಹೆಜ್ಜೆಗಳ ಮೇಲೇ ಹೆಜ್ಜೆಯಿಡುತ್ತ ಹಿಂದಕ್ಕೆ ಬಂದಳು. ಆಮೇಲೆ ಹೊಸ ಗಾರ್ಡ್ ಹುಡುಗಿಯ ಹತ್ತಿರ ಹೋಗಿ ನಿಂತಳು. ಆ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ನಾನು ನೀರಿನ ಬಿಸಿ ನೋಡಿದ್ದೆ ಮೇಡಂ, ಬಿಸಿಯಾದ್ರೆ ಮರಿ ಎದ್ದಿರುತ್ತಲ್ಲ. ಸೇತುವೆ ಹತ್ತಿರ. ಸರಿಯಾಗೇ ಇತ್ತು" ಅಂದಳು, ಅಳು ಬರುವ ದನಿಯಲ್ಲಿ.

"ಅಲ್ಲಿ ಕಾರ್ಖಾನೆ ಕಾಲುವೆ ನೀರು ಸೇರುತ್ತಮ್ಮ, ಯಾವಾಗಲೂ ಬೆಚ್ಚಗಿರುತ್ತೆ. ನಾನೂ ಮೊದಲನೇ ವರ್ಷ ಅಲ್ಲೇ ನೋಡ್ತಿದ್ದೆ" ಅಂದಳು ನನ್ನ ಹೆಂಡತಿ. ಮೆಲ್ಲಗೆ, ಆ ಹುಡುಗಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳಿಸುವಷ್ಟು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಈಗ ಏನು ಮಾಡಬೇಕು ಹೇಳಿ ಮೇಡಂ. ನೀವು ಗಾರ್ಡ್" ಅಂದಳು.

ನಾನು ಅವಳನ್ನೇ ನೋಡಿದೆ. ನದಿ ಮುಚ್ಚಿ ಅಂತ ಅವಳೇ ಒಂದು ಮಾತು ಅಂದಿದ್ದರೆ ಜನ ಕೇಳುತ್ತಿದ್ದರು, ಅಭ್ಯಾಸಬಲ. ಅನ್ನಲಿಲ್ಲ. ಆ ಹುಡುಗಿ ಬೇಡ ಅಂದರೆ ತನ್ನ ಒಂದೇ ಒಂದು ಬೆಳಿಗ್ಗೆ ಹೋಗುತ್ತದೆ ಅಂತ ಗೊತ್ತಿದ್ದೂ ಕೈ ಕಟ್ಟಿ ಆ ಹುಡುಗಿಯ ಬಾಯಿ ನೋಡುತ್ತ ನಿಂತಳು. ಇಷ್ಟು ಹೊತ್ತಿಗೆ ಗುಸುಗುಸು ಜೋರಾಗಿತ್ತು. ಕ್ಯಾಲೆಂಡರಿನ ಪ್ರಕಾರ ತೆರೆದಿದೆ ಅಂದವನೊಬ್ಬ, ನಾನು ಎಷ್ಟು ದೂರದಿಂದ ಬಂದಿದ್ದೀನಿ ಗೊತ್ತಾ ಅಂದವನೊಬ್ಬ. ಅಧ್ಯಕ್ಷರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನದಿ ಮುಚ್ಚಿದೆ" ಅಂದಳು ಹುಡುಗಿ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಕೂಗಿದಳು. "ಮುಚ್ಚಿದೆ! ನಾನು ಹೇಳೋ ತನಕ ಯಾರೂ ನೀರಿಗೆ ಕಾಲಿಡಬಾರದು. ಸರೋವರ ತೆರೆದಿದೆ, ಅಲ್ಲಿಗೆ ಹೋಗಿ. ಕೊಕ್ಕೆ ನೋಡೋಕೆ ಅಲ್ಲಿಗೂ ಬರ್ತೀನಿ!"

ನನ್ನ ಹೆಂಡತಿಯ ಮುಖದಲ್ಲಿ ಮೂಡಿದ ಸಂತೋಷ ನೋಡಬೇಕಿತ್ತು ನೀವು. ನನಗೆ ಮಾತ್ರ ಅಳು ಬಂತು, ಸಿಟ್ಟೂ ಬಂತು. ಎಷ್ಟು ವರ್ಷ ಕಾದವಳು! "ಇದೊಂದು ದಿನಾನೂ ನಿನಗಿಲ್ಲವಲ್ಲೇ" ಅಂದೆ. "ಸುಮ್ನಿರಿ" ಅಂದಳು.

ಜನ ಕುರ್ಚಿ ಮಡಿಸತೊಡಗಿದರು. ಆಗ ಬಾವಮೈದ, ಬಾಯಿ ಸುಮ್ಮನಿದ್ದರೆ ಅವನು ಅವನೇ ಅಲ್ಲ, "ಒಳ್ಳೆ ಉಪಾಯ ಅಕ್ಕ. ಹಿಡಿಯೋದೂ ತಪ್ಪಿತು, ಮರ್ಯಾದೇನೂ ಉಳೀತು" ಅಂದುಬಿಟ್ಟ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ನಾಲಿಗೆಗೆ ಬ್ರೇಕ್ ಇಲ್ಲ, ಅಷ್ಟೇ. ಆದರೆ ಎಲ್ಲರೂ ನಿಂತರು. ನಾನು ಅವನ ಕಾಲರಿಗೆ ಕೈ ಹಾಕುವುದೊಂದು ಬಾಕಿ.

ಅವಳು ನನ್ನ ಕೈ ತಗ್ಗಿಸಿದಳು. ತಮ್ಮನ ಕಡೆ ಕೈ ಚಾಚಿ, "ಇಕ್ಕಳ ಕೊಡೋ" ಅಂದಳು. ಅವನ ಜೇಬಿನಲ್ಲಿ ಅದು ಯಾವಾಗಲೂ ಇರುತ್ತದೆ, ಕೊಟ್ಟ. ಅವಳು ತನ್ನ ದಾರದ ತುದಿಯ ಸುಳ್ಳು ನೊಣವನ್ನು ಬೆರಳಲ್ಲಿ ಹಿಡಿದು, ಕೊಕ್ಕೆಯ ಬಾಗಿದ ಭಾಗವನ್ನು ಕಟಕ್ ಅಂತ ಕತ್ತರಿಸಿದಳು. ಉಳಿದದ್ದು ಗರಿ, ರೇಷ್ಮೆ, ಒಂದು ಚೂರು ನೆಟ್ಟಗಿನ ಕಂಬಿ. ಕತ್ತರಿಸಿದ ತುಂಡನ್ನು ಹುಡುಗಿಯ ಅಂಗೈಗೆ ಹಾಕಿದಳು.

"ಮೇಡಂ, ಕೊಕ್ಕೆ ಇಲ್ಲ. ನೀರಿಗಿಳಿಯಲ್ಲ, ಈ ದಂಡೇಲಿರೋ ಬಂಡೆ ಮೇಲಿಂದ, ಕೆಳಗಡೆ ಮಡುವಿಗೆ. ಗೂಡು ಇರೋದು ಮೇಲುಗಡೆ. ಒಂದೇ ಒಂದು ಎಸೆತ. ಬಿಡ್ತೀರಾ?"

ಹುಡುಗಿ ಆ ತುಂಡನ್ನು ನೋಡಿದಳು, ನೊಣವನ್ನು ತೆಗೆದುಕೊಂಡು ಬೆರಳಲ್ಲಿ ಸವರಿ ನೋಡಿದಳು, ಮಡುವನ್ನು ನೋಡಿದಳು. ಸುಮ್ಮನೆ ಹೂಂ ಅನ್ನಲಿಲ್ಲ, ಪರೀಕ್ಷೆ ಮಾಡಿದಳು. ನನಗೆ ಆ ಹುಡುಗಿ ಇಷ್ಟವಾದದ್ದೇ ಆಗ. "ಒಂದು" ಅಂದಳು.

ನನ್ನ ಹೆಂಡತಿ ಬಂಡೆ ಹತ್ತಿದಳು. ಕೋಲು ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದಾಗ ಅವಳು ಹಲ್ಲು ಕಚ್ಚಿದ್ದು ನನಗೆ ಕಂಡಿತು, ಬೇರೆಯವರಿಗೆ ಕಂಡಿರಲಿಕ್ಕಿಲ್ಲ. ದಾರ ಹಿಂದಕ್ಕೆ ಹೋಯಿತು, ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡಿತು, ಮುಂದಕ್ಕೆ ಬಂತು. ಅಯ್ಯೋ, ಅದೆಂಥ ಎಸೆತ! ನೊಣ ಆಚೆ ದಂಡೆಯ ಬಂಡೆಯ ಅಂಚಿಗೆ, ಸುಳಿ ಶುರುವಾಗುವ ಜಾಗದಲ್ಲಿ ಕೂತಿತು; ನೀರು ಅಲುಗಲಿಲ್ಲ. ಸೆಳೆತದಲ್ಲಿ ತೇಲಿ ಕೆಳಗೆ ಬರತೊಡಗಿತು.

ಬಂಡೆಯ ನೆರಳಿನಿಂದ ಅದು ಎದ್ದು ಬಂತು. ಮೊದಲು ತಲೆ, ಆಮೇಲೆ ಮುಗಿಯದಷ್ಟು ಬೆನ್ನು, ಕಡೆಗೆ ನನ್ನ ಅಂಗೈ ಅಗಲದ ಬಾಲ. ಆತುರವಿಲ್ಲದೆ ಬಾಯಿ ತೆರೆದು ನೊಣವನ್ನು ಒಳಗೆ ಹಾಕಿಕೊಂಡು ಕೆಳಗೆ ಹೋಯಿತು. ದಾರ ಬಿಗಿಯಾಯಿತು. ಕೋಲು ಬಾಗಿತು, ಚೆನ್ನಾಗಿಯೇ ಬಾಗಿತು. ನನ್ನ ಹೆಂಡತಿಯ ಕೈಗೆ ಆ ಮೀನಿನ ಭಾರ ಬಂತು. ಆಮೇಲೆ ಮೀನು ಬಾಯಿ ಬಿಟ್ಟಿತು, ಕೋಲು ನೆಟ್ಟಗಾಯಿತು.

ನಮ್ಮ ಕ್ಲಬ್ಬಿನಲ್ಲಿ ಅಷ್ಟು ದೊಡ್ಡ ಮೀನನ್ನು ಆ ನದಿಯಲ್ಲಿ ಯಾರೂ ಕಂಡಿರಲಿಲ್ಲ. ಹಲ್ಲಿನ ಡಾಕ್ಟರು ಬಾಯಿ ತೆರೆದವರು ಮುಚ್ಚಲಿಲ್ಲ. ಬಾವಮೈದ ನೀರನ್ನೇ ನೋಡುತ್ತಿದ್ದ. "ಅಕ್ಕಾ, ಅದು ಅಲ್ಲಿದೆ ಅಂತ ನಿನಗೆ ಗೊತ್ತಿತ್ತಾ?" ಅಂದ, ಚಿಕ್ಕ ಹುಡುಗನ ದನಿಯಲ್ಲಿ.

"ನಾಲ್ಕು ವರ್ಷದಿಂದ ಅಲ್ಲೇ ಇದೆ ಕಣೋ" ಅಂದಳು ಅವಳು, ದಾರ ಸುತ್ತಿಕೊಳ್ಳುತ್ತ. "ಯಾರಿಗಾದರೂ ಹೇಳೋಕಾಗ್ತಿತ್ತಾ?"

ಅವನ ಕಣ್ಣು ತುಂಬಿತ್ತು. ನನ್ನ ಕಥೆ ಕೇಳಲೇಬೇಡಿ. ಇಷ್ಟು ವರ್ಷ ಅವಳ ಜೊತೆ ಬಾಳಿದವನು, ಮದುವೆಯ ದಿನ ಕೂಡ ಇಷ್ಟು ಬೀಗಿರಲಿಲ್ಲ. ಎದೆಯೊಳಗೆ ಹಿಡಿಸದೆ, ಅಷ್ಟೂ ಜನರ ಕಡೆ ತಿರುಗಿ ಕೂಗಿಯೇ ಬಿಟ್ಟೆ: "ನೋಡ್ರಯ್ಯಾ! ನನ್ನ ಹೆಂಡ್ತಿ ಇವಳು, ನನ್ನ ಹೆಂಡ್ತಿ!" ಯಾರಿಗೋ ಗೊತ್ತಿರಲಿಲ್ಲ ಅನ್ನುವ ಹಾಗೆ. ಎಲ್ಲರೂ ನಕ್ಕರು, ನಗುತ್ತಲೇ ಚಪ್ಪಾಳೆ ತಟ್ಟಿದರು, ಅದು ನಿಲ್ಲಲೇ ಇಲ್ಲ. ಅವಳು ಬಂಡೆಯ ಮೇಲಿಂದ ಎಡಗೈ ನನ್ನ ಕಡೆ ಚಾಚಿದಳು, ಇಳಿಸಿಕೊಳ್ಳಲಿ ಅಂತ. ಬಲಗೈ ಆಗಲೇ ಏಳುತ್ತಿರಲಿಲ್ಲ.

"ಮೆಲ್ಲಗೆ ಕೂಗ್ರೀ" ಅಂದಳು. "ಅಲ್ಲೊಂದು ಇನ್ನೂ ಮೊಟ್ಟೆ ಇಡ್ತಿದೆ."